ಸ್ಮೋಲ್ಟ್ಜ್‌ನ ಕೊಟ್ಟ ಟೈಗರ್ಸ್ ನಿಜಕ್ಕೂ ದಡ್ಡರಾ? ಬೇಸ್‌ಬಾಲ್ ಜನರಲ್ ಮ್ಯಾನೇಜರಿಗೆ ಮಾರ್ಕ್ಸ್ ಹಾಕೋ ಲೆಕ್ಕ

[ಪರದೆಯ ಮೇಲೆ ಎರಡು ಸಾಲು: 9 ಗೆಲುವು, 0 ಸೋಲು / 213 ಗೆಲುವು, 154 ಸೇವ್]

ಇಲ್ಲಿ ಗೆಲುವು ಅಂದ್ರೆ ತಂಡ ಗೆದ್ದಾಗ ಪಿಚರ್, ಅಂದರೆ ಚೆಂಡು ಎಸೆಯೋನ ಖಾತೆಗೆ ಬರೆಯೋದು; ಸೇವ್ ಅಂದ್ರೆ ಕೊನೆಗೆ ಬಂದು ತಂಡದ ಮುನ್ನಡೆ ಕಾಪಾಡಿದ್ದು. ಮೇಲಿನ ಸಾಲು ಡೆಟ್ರಾಯಿಟ್ ಟೈಗರ್ಸ್‌ಗೆ ಸಿಕ್ಕಿದ್ದು. ಕೆಳಗಿನದು ಅವರು ಕೈಬಿಟ್ಟಿದ್ದು. 1987ರ ಆಗಸ್ಟ್ 12ರಂದು ಟೈಗರ್ಸ್ ತಂಡ ಅಟ್ಲಾಂಟಾ ಬ್ರೇವ್ಸ್‌ನಿಂದ ಡಾಯ್ಲ್ ಅಲೆಗ್ಸಾಂಡರ್ ಅನ್ನೋ 36 ವರ್ಷದ ಪಿಚರ್‌ನ ತಗೊಂಡು, ಬದಲಿಗೆ 20 ವರ್ಷದ ಜಾನ್ ಸ್ಮೋಲ್ಟ್ಜ್ ಅನ್ನೋ ಹುಡುಗನ್ನ ಕೊಟ್ಟಿತು. ಆ ಹುಡುಗ 1996ರಲ್ಲಿ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ ಗೆದ್ದ, 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಅಲೆಗ್ಸಾಂಡರ್ 1989ಕ್ಕೇ ಮನೆಗೆ. ಹಾಗಾಗಿ ಕೆಟ್ಟ ಟ್ರೇಡ್‌ಗಳ ಪಟ್ಟಿ ಯಾರು ಮಾಡಿದ್ರೂ ಇದು ಅಲ್ಲಿ ಹಾಜರ್.

ಜನರಲ್ ಮ್ಯಾನೇಜರ್, ಅಂದರೆ ತಂಡಕ್ಕೆ ಯಾರನ್ನ ತರಬೇಕು, ಯಾರನ್ನ ಬಿಡಬೇಕು ಅಂತ ತೀರ್ಮಾನಿಸೋನಿಗೆ ಮಾರ್ಕ್ಸ್ ಹಾಕುವಾಗ ಆ ಪಟ್ಟಿ ಮಾಡೋರು ಲೆಕ್ಕ ತಪ್ಪಾಗಿ ಬರೀತಿದ್ದಾರೆ ಅನ್ನೋದೇ ಇವತ್ತಿನ ವಿಡಿಯೋ.

ಬೇಸಿಕ್ಸ್ ಬೇಗ ಮುಗಿಸ್ತೀನಿ. ಮೇಜರ್ ಲೀಗ್‌ನಲ್ಲಿ 172 ದಿನ ತಂಡದಲ್ಲಿದ್ರೆ ಒಂದು ಸರ್ವಿಸ್ ವರ್ಷ. ಅಂಥ ಆರು ವರ್ಷ ತುಂಬೋವರೆಗೂ ಆಟಗಾರ ಅದೇ ತಂಡದ ಹಿಡಿತದಲ್ಲಿ. ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳದ ಆಸುಪಾಸು. 2025ರಲ್ಲಿ ಆ ಕನಿಷ್ಠ 7,60,000 ಡಾಲರ್. ಆರು ತುಂಬಿದ ಮೇಲೆ ಅವನು ಫ್ರೀ ಏಜೆಂಟ್, ಮಾರುಕಟ್ಟೆ ದರ ಕೊಟ್ಟೇ ಕೊಳ್ಳಬೇಕು. ಇನ್ನೊಂದು ಅಳತೆ ವಾರ್: ಕನಿಷ್ಠ ಸಂಬಳಕ್ಕೆ ಸಿಗೋ ಬದಲಿ ಆಟಗಾರನಿಗಿಂತ ಇವನು ಎಷ್ಟು ಗೆಲುವು ಹೆಚ್ಚು ತಂದ ಅಂತ. ಸರಿಸುಮಾರು 10 ರನ್‌ಗೆ ಒಂದು ಗೆಲುವು. ಇಷ್ಟು ಸಾಕು.

ಈಗ ಸ್ಮೋಲ್ಟ್ಜ್. ಅವನು ಮೊದಲ ಸಲ ಮೇಜರ್ ಲೀಗ್‌ನಲ್ಲಿ ಎಸೆದದ್ದು 1988ರ ಜುಲೈನಲ್ಲಿ. ಟೈಗರ್ಸ್ ಬಿಟ್ಟುಕೊಟ್ಟಿದ್ದು ಇಡೀ ಸ್ಮೋಲ್ಟ್ಜ್‌ನ ಅಲ್ಲ, ಅವನ ಹಿಡಿತದ ವರ್ಷಗಳನ್ನ ಮಾತ್ರ, ಅಂದರೆ ಹೆಚ್ಚುಕಡಿಮೆ 1994ರ ತನಕ. ಅಷ್ಟರಲ್ಲಿ ಅವನ ಗೆಲುವು ಎಷ್ಟು? 78. ಉಳಿದ 135 ಗೆಲುವು, ಆ ಸೈ ಯಂಗ್, ಆ 154 ಸೇವ್, ಎಲ್ಲ ಆಮೇಲಿನದು. ಅದರಲ್ಲಿ ಬಹುಪಾಲಿಗೆ ಬ್ರೇವ್ಸ್ ದೊಡ್ಡ ಸಂಬಳ ಎಣಿಸಿ ಕೊಟ್ಟಿದೆ. ಆ ದುಡ್ಡಿದ್ದಿದ್ರೆ ಟೈಗರ್ಸ್ ಬೇರೆ ಯಾರನ್ನೋ ತರಬಹುದಿತ್ತು. ಬಾಡಿಗೆಗೆ ಬಿಟ್ಟ ಸೈಟನ್ನ ಮಾರಿದ್ದು ಅಂತ ಲೆಕ್ಕ ಬರೆದಂಗಾಯ್ತು ಇದು.

ಇನ್ನು ಸಿಕ್ಕಿದ್ದೇನು? ಅಲೆಗ್ಸಾಂಡರ್ ಆ ವರ್ಷ ಡೆಟ್ರಾಯಿಟ್‌ಗೆ 88 ಚಿಲ್ಲರೆ ಇನ್ನಿಂಗ್ಸ್ ಎಸೆದ. ಇಆರ್‌ಎ, ಅಂದರೆ ಫೀಲ್ಡಿಂಗ್ ತಪ್ಪಿನಿಂದ ಬಂದದ್ದು ಬಿಟ್ಟು ಒಂಬತ್ತು ಇನ್ನಿಂಗ್ಸಿಗೆ ಬಿಟ್ಟುಕೊಟ್ಟ ರನ್, 1.53. ಅಂದರೆ ಅಂಥ ರನ್ ಬರೀ 15. ಅದೇ ಜಾಗದಲ್ಲಿ 5ರ ಇಆರ್‌ಎ ಇರೋ ಬದಲಿ ಪಿಚರ್ ಎಸೆದಿದ್ರೆ 49 ರನ್ ಹೋಗ್ತಿತ್ತು. ಉಳಿದದ್ದು 34 ರನ್, ಹತ್ತರಿಂದ ಭಾಗಿಸಿ: ಮೂರೂವರೆ ಗೆಲುವಿನ ಹತ್ತಿರ. ಟೈಗರ್ಸ್ ತಮ್ಮ ಡಿವಿಷನ್ ಗೆದ್ದದ್ದು ಟೊರೊಂಟೊಗಿಂತ ಎಷ್ಟು ಮುಂದಿದ್ದು? ಎರಡೇ ಎರಡು ಪಂದ್ಯ. 98ಕ್ಕೆ 96. ಡಿವಿಷನ್ ಗೆಲ್ಲದವರಿಗೂ ಮುಂದಿನ ಸುತ್ತಿಗೆ ದಾರಿ ಕೊಡೋ ವೈಲ್ಡ್ ಕಾರ್ಡ್ ಆಗ ಇರಲಿಲ್ಲ, ಎರಡನೇ ಸ್ಥಾನ ಅಂದ್ರೆ ಸೀಸನ್ನೇ ಮುಗಿದಂಗೆ. 70 ಪಂದ್ಯ ಗೆಲ್ಲೋ ತಂಡಕ್ಕೆ ಇನ್ನೆರಡು ಗೆಲುವು ಸಿಕ್ಕಿದ್ರೆ ಏನೂ ಆಗಲ್ಲ. 95ರ ಹತ್ತಿರ ಇರೋ ತಂಡಕ್ಕೆ ಅದೇ ಎರಡು ಗೆಲುವು ಇಡೀ ವರ್ಷದ ಬೆಲೆ.

ಹಾಗಾದ್ರೆ ನೂರಕ್ಕೆ ನೂರಾ? ತಡೀರಿ. ಇಲ್ಲಿ ಟೈಗರ್ಸ್ ಅಭಿಮಾನಿಗಳೂ ಜಾರಿ ಬೀಳ್ತಾರೆ.

ನಮ್ಮ ಚನ್ನಗಿರಿ ಕಡೆ ಅಡಿಕೆ ಚೇಣಿ ಹಿಡಿಯೋರು ಇದ್ದಾರಲ್ಲ, ಅವರನ್ನ ಯೋಚಿಸಿ. ಮರದ ಮೇಲಿನ ಗೊನೆ ನೋಡಿ, ಇಷ್ಟು ಕ್ವಿಂಟಲ್ ಆಗುತ್ತೆ, ಇಷ್ಟು ರೇಟ್ ಸಿಗುತ್ತೆ ಅಂತ ಅಂದಾಜು ಹಾಕಿ ತೋಟದವರಿಗೆ ಮುಂಗಡ ಕೊಡ್ತಾರೆ. ಆಮೇಲೆ ರೇಟ್ ಏಕಾಏಕಿ ಏರಿ ಲಾಭ ಆದ್ರೆ, ಊರವರೆಲ್ಲ 'ಏನು ತಲೆ ಮಾರಾಯ' ಅಂತಾರೆ. ಇಳಿದ್ರೆ 'ಮೊದಲೇ ಹೇಳಿದ್ದೆ' ಅಂತಾರೆ. ಚೇಣಿದಾರನ ಗೊನೆ ಎಣಿಸೋ ಕಣ್ಣು ಎರಡೂ ಸಲ ಒಂದೇ ಇತ್ತು! ಆ ಕಣ್ಣಿಗೆ ಒಂದು ಮಾರ್ಕು, ಕೈಗೆ ಬಂದ ದುಡ್ಡಿಗೆ ಇನ್ನೊಂದು ಮಾರ್ಕು. ಎರಡನ್ನೂ ಕೂಡಿಸಬಾರದು.

ಆ ಕಣ್ಣಿಂದ ನೋಡಿ. ಆಗಸ್ಟ್ 12ರ ಬೆಳಿಗ್ಗೆ ಗೊತ್ತಿದ್ದದ್ದೇನು? ಅಲೆಗ್ಸಾಂಡರ್ ಅಟ್ಲಾಂಟಾದಲ್ಲಿ 5 ಗೆಲುವು, 10 ಸೋಲು, ಇಆರ್‌ಎ 4.13. ಅದೇ 88 ಇನ್ನಿಂಗ್ಸಿಗೆ ಈ 4.13 ಹಾಕಿದ್ರೆ ಉಳಿಯೋದು ಎಂಟೋ ಒಂಬತ್ತೋ ರನ್. ಒಂದು ಗೆಲುವೂ ಪೂರ್ತಿ ಬರಲ್ಲ. ಹಾಗಾಗಿ ಟೈಗರ್ಸ್ ಕೊಂಡದ್ದು ಒಂದು ಗೆಲುವು, ಮೇಲಿನ ಎರಡೂವರೆ ಅದೃಷ್ಟದ ಕೊಸರು. ಇನ್ನೊಂದು ಕಡೆ ಸ್ಮೋಲ್ಟ್ಜ್ ಕೂಡ ಆಗ ಮೇಜರ್ ಲೀಗ್‌ಗಿಂತ ಎರಡು ಮೆಟ್ಟಿಲು ಕೆಳಗಿನ ಡಬಲ್-ಎ ದರ್ಜೆಯಲ್ಲಿ ಹೊಡೆತ ತಿಂತಿದ್ದ ಹುಡುಗ, ಅಂಥವರಲ್ಲಿ ಹೆಚ್ಚಿನವರು ಮೇಲೆ ಬರೋದೇ ಇಲ್ಲ. ನನ್ನ ತೀರ್ಪು: ದುಬಾರಿ ಟ್ರೇಡ್, ದಡ್ಡ ಟ್ರೇಡ್ ಅಲ್ಲ. ಅಂದಹಾಗೆ, ಆಮೇಲಿನ ಲೀಗ್ ಫೈನಲ್‌ನಲ್ಲಿ ಮಿನೆಸೋಟ ವಿರುದ್ಧ ಅಲೆಗ್ಸಾಂಡರ್ ಎರಡಕ್ಕೆ ಎರಡೂ ಸೋತ. ಕೊಸರು ವಾಪಸ್.

[ಪರದೆಯ ಮೇಲೆ: ಜುಲೈ 1, 11,93,248.20 ಡಾಲರ್]

ಈಗ ನನ್ನ ಅತಿ ಇಷ್ಟದ ಒಪ್ಪಂದ. ಬಾಬಿ ಬೊನಿಯಾ. 2000ದ ಜನವರಿಯಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಈ ಆಟಗಾರನನ್ನ ಬಿಟ್ಟು ಕಳಿಸ್ತು. ಕೊಡಬೇಕಿದ್ದ ಬಾಕಿ 59 ಲಕ್ಷ ಡಾಲರ್. ಅದನ್ನ ಆಗಲೇ ಕೊಡದೆ, 2011ರಿಂದ 2035ರವರೆಗೆ ಪ್ರತಿ ಜುಲೈ 1ಕ್ಕೆ ಈ ಮೊತ್ತ ಕೊಡ್ತೀವಿ ಅಂತ ಬರೆದುಕೊಟ್ರು. ಒಟ್ಟು ಕೂಡಿದ್ರೆ 3 ಕೋಟಿ ಡಾಲರ್ ಹತ್ತಿರ. ಪ್ರತಿ ವರ್ಷ ಆ ದಿನ ಇಂಟರ್‌ನೆಟ್ ಹೊಟ್ಟೆ ಹಿಡ್ಕೊಂಡು ನಗುತ್ತೆ.

ಕ್ಯಾಲ್ಕ್ಯುಲೇಟರ್ ತಗೊಳ್ಳಿ. ಬಡ್ಡಿ 8 ಪರ್ಸೆಂಟ್. 59 ಲಕ್ಷ 11 ವರ್ಷಕ್ಕೆ ಚಕ್ರಬಡ್ಡಿಯಲ್ಲಿ 1 ಕೋಟಿ 37 ಲಕ್ಷ ಆಗುತ್ತೆ. ಅದನ್ನ 25 ಕಂತು ಮಾಡಿ, ಮೊದಲ ಕಂತು ಆಗಲೇ ಕಟ್ಟಿ, ಉಳಿದ ಅಸಲಿಗೆ ಅದೇ 8 ಪರ್ಸೆಂಟ್ ಹಾಕ್ತಾ ಹೋದ್ರೆ ಕಂತು ಸರಿಯಾಗಿ 11.93 ಲಕ್ಷ. ನಿಮ್ಮ ಹೋಮ್ ಲೋನ್ ಲೆಕ್ಕವೇ, ಬೇರೇನೂ ಮಾಯ ಇಲ್ಲ. 2000ದ ಜನವರಿಯಲ್ಲಿ ಅಮೆರಿಕದ ಬ್ಯಾಂಕುಗಳ ಪ್ರೈಮ್ ದರವೇ, ಅಂದರೆ ಒಳ್ಳೇ ಗಿರಾಕಿಗಳಿಗೆ ಹಾಕೋ ಬಡ್ಡಿಯೇ, ಎಂಟೂವರೆ. ಹಾಗಾಗಿ ಎಂಟಕ್ಕೆ ಸಾಲ ಸಿಕ್ಕಿದ್ದು ಹುಚ್ಚುತನ ಅಲ್ಲ. ಎಡವಟ್ಟಾಗಿದ್ದು ಮಾಲೀಕರ ಕಡೆ: ಅವರ ದುಡ್ಡು ಕೂತಿದ್ದು ಹೂಡಿಕೆ ಹೆಸರಲ್ಲಿ ಭಾರಿ ಮೋಸ ಮಾಡಿದ ಬರ್ನಿ ಮೇಡಾಫ್ ಹತ್ರ. 2008ರಲ್ಲಿ ಆ ಗೋಪುರ ಬಿತ್ತು. ಅದನ್ನ ಜನರಲ್ ಮ್ಯಾನೇಜರ್ ಸ್ಟೀವ್ ಫಿಲಿಪ್ಸ್ ತಲೆಗೆ ಕಟ್ಟೋ ಹಾಗಿಲ್ಲ.

ಇದರ ಬಾಲ ಇನ್ನೂ ಮಜಾ. ಅದೇ ಚಳಿಗಾಲ ಮೆಟ್ಸ್ ಟ್ರೇಡ್‌ನಲ್ಲಿ ಮೈಕ್ ಹ್ಯಾಂಪ್ಟನ್ ಅನ್ನೋ ಪಿಚರ್‌ನ ತಂದಿತ್ತು. ಬೊನಿಯಾಗೆ ಆಗಲೇ ಕೊಡದೆ ಉಳಿದ ದುಡ್ಡು ಇದಕ್ಕೆ ನೆರವಾಯ್ತು ಅನ್ನೋದು ಕೆಲವರ ವಾದ. 2000ದಲ್ಲಿ ತಂಡ ಎರಡು ಲೀಗ್ ಗೆದ್ದವರು ಆಡೋ ಕೊನೆಯ ಸರಣಿ ವರ್ಲ್ಡ್ ಸೀರೀಸ್ ತಲುಪ್ತು, ಲೀಗ್ ಫೈನಲ್‌ನ ಶ್ರೇಷ್ಠ ಆಟಗಾರ ಅವನೇ. ಮರುವರ್ಷ ಹ್ಯಾಂಪ್ಟನ್ ಕೊಲೊರಾಡೊಗೆ ಹೋದ. ಅದಕ್ಕೆ ಪರಿಹಾರವಾಗಿ ಮೆಟ್ಸ್‌ಗೆ ಸಿಕ್ಕ ಡ್ರಾಫ್ಟ್ ಸರದಿಗಳಲ್ಲಿ, ಅಂದರೆ ಹೊಸ ಹುಡುಗರನ್ನ ತಂಡಗಳು ಆರಿಸ್ಕೊಳ್ಳೋ ಸರದಿಗಳಲ್ಲಿ, ಒಂದು 38ನೆಯದು. ಆರಿಸಿದ್ದು ಯಾರನ್ನ? ಡೇವಿಡ್ ರೈಟ್. ಮುಂದೆ ತಂಡದ ಕ್ಯಾಪ್ಟನ್. ಹಾಗಂತ ಬೊನಿಯಾ ಒಪ್ಪಂದದ ಖಾತೆಗೆ ಇಡೀ ರೈಟ್‌ನ ಬರೆಯೋಕೆ ಹೊರಟ್ರೆ, ಸ್ಮೋಲ್ಟ್ಜ್ ವಿಷಯದಲ್ಲಿ ಮಾಡಿದ ತಪ್ಪೇ. 38ನೇ ಸರದಿಯಲ್ಲಿ ಬಂದೋರಲ್ಲಿ ಎಷ್ಟೋ ಜನರ ಹೆಸರೂ ನಿಮಗೆ ಗೊತ್ತಿಲ್ಲ. ಆ ಸರದಿಗೆ ಎಷ್ಟು ಬೆಲೆಯೋ ಅಷ್ಟು ಮಾತ್ರ ಬರ್ಕೊಳ್ಳಿ.

ಟೈಮ್ ಓಡ್ತಿದೆ, ಉಳಿದದ್ದು ಒಟ್ಟೊಟ್ಟಿಗೆ. ಸಹಿ ಹಾಕಿಸೋ ದೊಡ್ಡ ಒಪ್ಪಂದಗಳಲ್ಲಿ ಜನ ಮಾಡೋ ತಪ್ಪು, ಈಗಿನ ಆಟವನ್ನ ವರ್ಷಗಳಿಂದ ಗುಣಿಸೋದು. ವರ್ಷಕ್ಕೆ 5 ಗೆಲುವಿನ 30ರ ಆಟಗಾರನಿಗೆ 7 ವರ್ಷ ಅಂದ್ರೆ 35 ಅಲ್ಲ. ವರ್ಷಕ್ಕೆ ಅರ್ಧ ಇಳಿಸ್ತಾ ಬನ್ನಿ, 5ರಿಂದ 2ರವರೆಗೆ, ಒಟ್ಟು 24.5. ಗೆಲುವಿಗೆ 80 ಲಕ್ಷ ಡಾಲರ್ ಹಿಡಿದ್ರೆ 19.6 ಕೋಟಿ, 28 ಕೋಟಿ ಅಲ್ಲ. ಏಳನೇ ವರ್ಷ ಅವನು ಕುಂಟ್ತಾನೆ ಅಂತ ಬೈಬೇಡಿ, ಆ ಕುಂಟು ಮೊದಲ ದಿನದ ಬೆಲೆಯಲ್ಲೇ ಸೇರಿದೆ. ಗಾಯದ ಅಂದಾಜೂ ಹಾಗೇ: 2020ರಿಂದ 2023ರ ನಾಲ್ಕು ಸೀಸನ್‌ನಲ್ಲಿ ಬರೀ 31 ಪಂದ್ಯ ಆರಂಭಿಸಿದ್ದ ಪಿಚರ್ ಕ್ರಿಸ್ ಸೇಲ್‌ನ ಬಾಸ್ಟನ್ ತಂಡ, ಮೇಲೆ 1.7 ಕೋಟಿ ಡಾಲರ್ ಸೇರಿಸಿ ಅಟ್ಲಾಂಟಾಗೆ ಸಾಗಿಹಾಕ್ತು. 2024ರಲ್ಲಿ ಸೈ ಯಂಗ್ ಅವನದೇ. ಬಾಸ್ಟನ್‌ಗೆ ಫಲಿತಾಂಶದಲ್ಲಿ ಸೊನ್ನೆ, ನಿರ್ಧಾರದಲ್ಲಿ ಸೊನ್ನೆಗಿಂತ ತುಂಬ ಹೆಚ್ಚು.

ಕೊನೆಗೆ ಶೋಹೆಯ್ ಒಟಾನಿ. 2023ರ ಡಿಸೆಂಬರ್, ಲಾಸ್ ಏಂಜಲಿಸ್‌ನ ಡಾಡ್ಜರ್ಸ್ ತಂಡ, 10 ವರ್ಷಕ್ಕೆ 70 ಕೋಟಿ ಡಾಲರ್ ಅಂತ ಹೆಡ್‌ಲೈನ್. ಅದರಲ್ಲಿ 68 ಕೋಟಿ 2034ರಿಂದ 2043ರವರೆಗೆ ಬರೋದು, ಬಡ್ಡಿ ಇಲ್ಲದೆ. ತಡವಾಗಿ ಬರೋ ದುಡ್ಡಿಗೆ ಬೆಲೆ ಕಮ್ಮಿ; ಹಾಗಾಗಿ ಸಂಬಳದ ಮಿತಿ ಮೀರಿದ ತಂಡಗಳಿಗೆ ಲೀಗ್ ಹಾಕೋ ತೆರಿಗೆಯ ಲೆಕ್ಕದಲ್ಲಿ ಇಡೀ ಒಪ್ಪಂದದ ಬೆಲೆ ಸುಮಾರು 46 ಕೋಟಿ. ಬಡ್ಡಿ ಕೇಳಿ ಪಡೆದ ಬೊನಿಯಾ ಜೋಕ್ ಆದ, ಬಡ್ಡಿ ಬೇಡ ಅಂದವನು ದಾಖಲೆ ಆದ. ಒಟಾನಿಯ ಕಂತಿನ ದಿನವೂ ಜುಲೈ 1. 2034 ಮತ್ತು 2035ರಲ್ಲಿ ಇಬ್ಬರಿಗೂ ಒಂದೇ ದಿನ ಚೆಕ್ ಬರುತ್ತೆ: ಒಬ್ಬನಿಗೆ 6.8 ಕೋಟಿ, ಇನ್ನೊಬ್ಬನಿಗೆ 11,93,248 ಡಾಲರ್ 20 ಸೆಂಟ್.