ಕರಿ ಕಡತ, ಬಿಳಿ ಬಳಪ

ಕೇಳುಗರಿಗೆಲ್ಲ ನಮಸ್ಕಾರ.

ಕಡತ ಅಂದ ತಕ್ಷಣ ನಮಗೆ ಈಗ ಸರ್ಕಾರಿ ಕಚೇರಿಯ ಫೈಲು ನೆನಪಾಗುತ್ತದೆ, ಅಲ್ವಾ? ಇನ್ನೂರು ವರ್ಷದ ಹಿಂದೆ ಅದು ಶಾಲೆಯ ಹುಡುಗರ ಕೈಲೂ ಇತ್ತು. ಬಟ್ಟೆಗೆ ಗಂಜಿ ಹಾಕಿ ಗಟ್ಟಿ ಮಾಡಿ, ಪುಸ್ತಕದ ಹಾಗೆ ಹಿಂದೆ ಮುಂದೆ ಮಡಚುತ್ತಿದ್ದರು. ಮೇಲೆ ಇದ್ದಿಲ ಪುಡಿ ಮತ್ತು ಅಂಟು ಕಲಸಿ ಬಳಿದರೆ ಕಪ್ಪು ಹಾಳೆ ಸಿದ್ಧ. ಬರೆಯಲು ಬಿಳಿ ಬಳಪ. ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸ ಹಾಳೆ.

ಅಂಥದ್ದೊಂದನ್ನು ನಾನು ಹಳೇ ಮನೆಯೊಂದರಲ್ಲಿ ಕೈಲಿ ಹಿಡಿದು ನೋಡಿದ್ದೇನೆ. ಬಿಚ್ಚುತ್ತಾ ಹೋದರೆ ಮೊಳಗಟ್ಟಲೆ ಉದ್ದ. ಅಂಚು ಸವೆದು ನೂಲು ಎದ್ದಿತ್ತು. ಒಂದು ಮಡಿಕೆಯಲ್ಲಿ ಸರಿಯಾಗಿ ಒರೆಸದ ಲೆಕ್ಕ, ಅದರ ಮೇಲೇ ಮತ್ತೊಂದು ಲೆಕ್ಕ. ಯಾರ ಕೈಬರಹವೋ ಏನೋ. ಅದನ್ನು ನೋಡಿದ ಮೇಲೆ ಆಗಿನ ಶಾಲೆ ಹೇಗಿತ್ತು ಅಂತ ತಿಳಿಯುವ ಆಸೆ ಜಾಸ್ತಿಯಾಯಿತು.

ಆ ಶಾಲೆಯ ಚಿತ್ರ ಕಣ್ಣಿಗೆ ಕಟ್ಟುವ ಹಾಗೆ ಸಿಗುವುದು ಒಂದು ಸರ್ಕಾರಿ ಪತ್ರದಲ್ಲಿ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ, ಪ್ರತಿ ಜಿಲ್ಲೆಯಲ್ಲಿ ಎಷ್ಟು ಶಾಲೆ, ಎಷ್ಟು ಮಕ್ಕಳು, ಲೆಕ್ಕ ಕೊಡಿ ಎಂದು ಕಲೆಕ್ಟರುಗಳನ್ನು ಕೇಳಿದ. ಹಲವರು ಅಂಕಿ ತುಂಬಿ ಕಳಿಸಿ ಸುಮ್ಮನಾದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮಾತ್ರ 1823ರ ಆಗಸ್ಟಿನಲ್ಲಿ ಉದ್ದದ ಉತ್ತರ ಬರೆದ. ಆಗಿನ ಬಳ್ಳಾರಿ ಜಿಲ್ಲೆ ಈಗಿನದಕ್ಕಿಂತ ಬಹಳ ದೊಡ್ಡದು. ಆದೋನಿ, ಅನಂತಪುರದ ಕಡೆಯೆಲ್ಲ ಅದರೊಳಗೇ ಇತ್ತು.

ಅಲ್ಲಿ ಮಗುವಿಗೆ ಐದು ತುಂಬಿದಾಗ ಮೇಷ್ಟರು ತಮ್ಮ ಶಾಲೆಯ ಮಕ್ಕಳನ್ನೆಲ್ಲ ಕರೆದುಕೊಂಡು ಆ ಮನೆಗೇ ಬರುತ್ತಿದ್ದರು. ಗಣಪನ ಸುತ್ತ ಎಲ್ಲರೂ ಕೂರುತ್ತಿದ್ದರು. ಮೇಷ್ಟರು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರು ಬರೆಸುತ್ತಿದ್ದರು. ಮಾರನೆಯ ದಿನದಿಂದ ಶಾಲೆ.

ಶಾಲೆ ಬೆಳಗ್ಗೆ ಆರಕ್ಕೇ ಶುರು. ಮೊದಲು ಬಂದ ಮಗುವಿನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಕೈ ಮೇಲೆ ಸೊನ್ನೆ. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಏರುತ್ತಾ ಹೋಗುತ್ತಿತ್ತು. ಹತ್ತನೆಯವನಾಗಿ ಓಡಿ ಬಂದ ಮಗುವಿಗೆ ಎಂಟು ಏಟು. ಪಾಠ ಕಲಿಯದ ಹುಡುಗನನ್ನು ಎರಡೂ ಕೈ ಕಟ್ಟಿ ಸೂರಿಗೆ ಎಳೆದು ನೇತುಹಾಕುವುದೂ ಇತ್ತು. ಇದನ್ನು ಓದುವಾಗ ನನಗೆ ಸಂಕಟವಾಗುತ್ತದೆ. ಹಿಂದಿನವರದು ಅಂತ ಇದನ್ನು ಒಪ್ಪಿಕೊಳ್ಳಲು ನನ್ನಿಂದ ಆಗುವುದಿಲ್ಲ.

ಇಷ್ಟೆಲ್ಲ ಏಟು ತಿಂದು ಕಲಿತದ್ದರಲ್ಲೂ ಬಾಯಿಪಾಠವೇ ಜಾಸ್ತಿ. ಪದ್ಯ ಸರಾಗವಾಗಿ ಒಪ್ಪಿಸುತ್ತಾರೆ, ಅರ್ಥ ಮಾತ್ರ ಗಿಳಿಗೆ ಗೊತ್ತಿರುವಷ್ಟೇ ಗೊತ್ತು ಎಂದು ಕ್ಯಾಂಪ್‌ಬೆಲ್ ಬರೆದಿದ್ದಾನೆ. ಆದರೆ ಎರಡು ಸಂಗತಿಗಳನ್ನು ಅವನು ಮನಸಾರೆ ಮೆಚ್ಚಿದ. ಒಂದು, ಮರಳು, ಹಲಗೆ, ಕಡತದಲ್ಲಿ ಹೆಚ್ಚು ಖರ್ಚಿಲ್ಲದೆ ಬರವಣಿಗೆ ಕಲಿಸುವ ರೀತಿ. ಇನ್ನೊಂದು, ಮುಂದೆ ಹೋದ ಮಕ್ಕಳೇ ಹಿಂದಿನವರಿಗೆ ಹೇಳಿಕೊಡುವುದು. ಈ ಪದ್ಧತಿಯನ್ನು ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದರಾಸಿನಿಂದ ಇಂಗ್ಲೆಂಡಿಗೆ ಒಯ್ದಿದ್ದ. ಅಲ್ಲಿ ಅದರ ಹೆಸರೇ ಮದ್ರಾಸ್ ಪದ್ಧತಿ. ನಮ್ಮ ಹಳ್ಳಿಯ ಜಗುಲಿ ಮೇಲೆ ನಡೆಯುತ್ತಿದ್ದ ಕ್ರಮದಲ್ಲೇ ಲಂಡನ್ನಿನ ಬಡ ಮಕ್ಕಳೂ ಅಕ್ಷರ ಕಲಿತರು.

ಈಗ ಅಂಕಿಗಳಿಗೆ ಬರೋಣ. ಜಿಲ್ಲೆಯಲ್ಲಿ 533 ಶಾಲೆ. ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳಿನವು. ಇಂಗ್ಲಿಷಿನದು ಒಂದೇ ಒಂದು. ಮಕ್ಕಳು ಒಟ್ಟು 6,641. ಬ್ರಾಹ್ಮಣ ಹುಡುಗರು 1,185, ಶೂದ್ರರು ಎಂದು ಬರೆದ ಹುಡುಗರು 2,998. ಈ ಸಂಖ್ಯೆ ನೋಡಿ ನನಗೇ ಆಶ್ಚರ್ಯವಾಯಿತು. ಓದು ಅಂದರೆ ಒಂದೇ ಕೇರಿಯ ಸೊತ್ತು ಅಂದುಕೊಂಡಿದ್ದೆ. ಹೆಣ್ಣುಮಕ್ಕಳು ಮಾತ್ರ ಬರೀ 60. ಇಡೀ ಜಿಲ್ಲೆಗೆ ಅರವತ್ತು!

ಜನಸಂಖ್ಯೆ ಒಂಬತ್ತು ಲಕ್ಷ ದಾಟಿತ್ತು. ಅಂದರೆ ಸಾವಿರ ಜನಕ್ಕೆ ಏಳೇ ಮಕ್ಕಳು ಶಾಲೆಯಲ್ಲಿ. ಮೊದಲು ಹೀಗಿರಲಿಲ್ಲ, ಶಾಲೆ ಇದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಯೇ ಇಲ್ಲ ಎನ್ನುತ್ತಾನೆ ಕ್ಯಾಂಪ್‌ಬೆಲ್. ಕಾರಣವನ್ನೂ ಮುಚ್ಚಿಡದೆ ಬರೆದ. ಜನ ಬಡವಾಗಿದ್ದಾರೆ. ವಿಲಾಯತಿ ಬಟ್ಟೆ ಬಂದು ನೇಕಾರರ ಸಂಪಾದನೆ ಬಿದ್ದಿದೆ. ನಾಡಿನ ಹಣ ದಿನವೂ ಹೊರಗೆ ಹರಿದುಹೋಗುತ್ತಿದೆ. ಕುಂಪಣಿಯ, ಅಂದರೆ ಆಗ ಆಳುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ, ಅಧಿಕಾರಿಯೊಬ್ಬ ಕುಂಪಣಿಗೇ ಬರೆದ ಮಾತಿದು.

ಮರಳಿನ ಮೇಲೆ ಬರೆಯುವ ಮಗುವಿಗೆ ಮೇಷ್ಟರ ಫೀಸು ತಿಂಗಳಿಗೆ ಕಾಲು ರೂಪಾಯಿ. ಕಾಗದದ ಮೇಲೆ ಬರೆಯುವ ಹೊತ್ತಿಗೆ ಅರ್ಧ ರೂಪಾಯಿ. ಮಗ್ಗ ನಿಂತ ಮನೆಯಲ್ಲಿ ಕಾಲು ರೂಪಾಯಿಯೂ ದೊಡ್ಡದೇ. ಕೈಕಾಲಿಗೆ ಚೂರು ಬಲ ಬಂತು ಅನ್ನುವಷ್ಟರಲ್ಲಿ ಮಕ್ಕಳನ್ನು ದುಡಿಮೆಗೆ ಹಚ್ಚುತ್ತಿದ್ದರು. ಎಷ್ಟೋ ಮಕ್ಕಳು ಬಳಪ ಹಿಡಿಯುವ ಮುಂಚೆಯೇ ಮರಳು ಬಿಟ್ಟು ಎದ್ದಿರಬೇಕು.

ಅದೇ ಪತ್ರದಲ್ಲಿ ಇನ್ನೊಂದು ಸಾಲಿದೆ. ಈ 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದಿಂದ ಯಾವ ನೆರವೂ ಇಲ್ಲ, ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ ಎಂದು ಆ ಕಲೆಕ್ಟರ್ ಬರೆದ.

ನಮಸ್ಕಾರ.