ಸಂಕರ ಹೂಜಿ ಗಿಡದ ತಾಯಿ ಯಾರು, ತಂದೆ ಯಾರು?

ಕೇಳುಗರೆ, ನಮಸ್ಕಾರ.

ನೆಪೆಂಥಿಸ್ ಅಂದರೆ ಎಲೆತುದಿಯ ಹೂಜಿಯಲ್ಲಿ ಹುಳು ಹಿಡಿಯುವ ಗಿಡ. ಬೇರೆ ಬೇರೆ ಜಾತಿ ಬೆರೆತ ಅದರ ಸಂಕರವೊಂದು ಹೆಸರಿನ ಚೀಟಿ ಕಳೆದುಕೊಂಡು ಕೈಗೆ ಬಂದರೆ ಎಲ್ಲರೂ ಮೊದಲು ನೋಡುವುದು ಬಣ್ಣ. ಮೊದಲು ತಪ್ಪುವುದೂ ಅಲ್ಲೇ. ಒಳ್ಳೆಯ ಬೆಳಕಿನಲ್ಲಿ ಕೆಂಪೇರಿದ ಹೂಜಿ ನೆರಳಿನಲ್ಲಿ ಹಸಿರಾಗಿಬಿಡಬಹುದು. ಬಣ್ಣ ಬಿಡಿ, ಆಕಾರ ನೋಡಿ.

ಅದಕ್ಕೂ ಗಿಡ ಬಲಿತಿರಬೇಕು. ಎಳೆಯ ಸಸಿಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಬಲಿತ ಗಿಡದಲ್ಲೂ ಹೂಜಿಗಳು ಎರಡು ಬಗೆ. ಬುಡದವಕ್ಕೆ ಮುಂಭಾಗದಲ್ಲಿ ಸಾಮಾನ್ಯವಾಗಿ ಎರಡು ರೆಕ್ಕೆ, ಎಲೆಗೂ ಹೂಜಿಗೂ ನಡುವಿನ ನುಲಿಬಳ್ಳಿ ಸೇರುವುದು ಮುಂದಿನಿಂದ. ಮೇಲಿನವು ನೀಳ, ನುಲಿಬಳ್ಳಿ ಹಿಂದಿನಿಂದ. ಬುಡದ್ದನ್ನು ಬುಡದ್ದಕ್ಕೇ, ಮೇಲಿನದನ್ನು ಮೇಲಿನದಕ್ಕೇ ಹೋಲಿಸಿ.

ಈಗ ಮುಚ್ಚಳಕ್ಕೆ ಬನ್ನಿ. ಮುಂದೆ ಬರುವ ಹೆಸರುಗಳೆಲ್ಲ ನೆಪೆಂಥಿಸ್‌ನ ಜಾತಿ ಅಥವಾ ಸಂಕರಗಳವು. ಆಂಪುಲೇರಿಯಾದ ಮುಚ್ಚಳ ಕಿರಿದು, ಬಾಯನ್ನು ಮುಚ್ಚದೆ ಹಿಂದಕ್ಕೆ ಮಗುಚಿರುತ್ತದೆ. ಒಡಲು ಗಿಡ್ಡ, ದುಂಡು. ರಾಫ್ಲೆಸಿಯಾನಾದ ಬಾಯಿ ಹಿಂಭಾಗದಲ್ಲಿ ಉದ್ದ ಕತ್ತಾಗಿ ಮೇಲೇಳುತ್ತದೆ. ಇವೆರಡೂ ಕಾಡಿನಲ್ಲೇ ಕೂಡಿ ಹುಟ್ಟುವ ಹೂಕೆರಿಯಾನಾದಲ್ಲಿ ದುಂಡು ಒಡಲ ಮೇಲೆ ಗಿಡ್ಡ ಕತ್ತು ಕಾಣುತ್ತದೆ. ಮುಚ್ಚಳದ ಅಡಿಯನ್ನು ತಿರುಗಿಸಿ ನೋಡುವುದನ್ನು ಮರೆಯಬೇಡಿ: ಅಲ್ಲಿ ಏಣಿನಂಥ ಉಬ್ಬಿದ್ದರೆ ಮ್ಯಾಕ್ಸಿಮಾ ಇರಬಹುದು, ದಪ್ಪ ಬಿರುಗೂದಲಿದ್ದರೆ ಲೋವಿ. ಬಾಯಂಚಿನಿಂದ ಮುಚ್ಚಳದಡಿಗೆ ಎರಡು ಕೋರೆ ಇಳಿದಿದ್ದರೆ ಬೈಕಾಲ್ಕರೇಟಾ. ಸಂಕರದಲ್ಲಿ ಆ ಕೋರೆ ಮೊಂಡಾಗಿ ಬರೀ ಗುಬುಟಾಗಿರಬಹುದು. ನಡು ಸಣ್ಣಗಾಗಿದ್ದರೆ ವೆಂಟ್ರಿಕೋಸಾ ಎನ್ನಲು ಆತುರ ಬೇಡ, ಲೋವಿಗೂ ನಡು ಸಣ್ಣದೇ. ಎಲೆಯೂ ಸಾಕ್ಷಿ ಹೇಳುತ್ತದೆ: ತುದಿ ಕತ್ತರಿಸಿದಂತಿದ್ದರೆ ಟ್ರಂಕೇಟಾ, ನುಲಿಬಳ್ಳಿ ತುದಿಯಿಂದಲ್ಲದೆ ಎಲೆಯಡಿಯಿಂದ ಹೊರಟಿದ್ದರೆ ರಾಜಾ ಅಥವಾ ಕ್ಲಿಪಿಯೇಟಾ.

ಒಂದೇ ಗುರುತನ್ನು ನಂಬಬೇಡಿ, ಮೂರಾದರೂ ಒಂದೇ ಕಡೆ ಬೆರಳು ತೋರಿಸಲಿ.

ಹೆಸರು ಬರೆಯುವಾಗ ಬೀಜ ಕೊಟ್ಟ ತಾಯಿ ಮೊದಲು, ಪರಾಗ ಕೊಟ್ಟ ತಂದೆ ಆಮೇಲೆ. ಆದರೆ ಯಾರು ತಾಯಿ ಎಂಬುದನ್ನು ಹೂಜಿ ಹೇಳುವುದಿಲ್ಲ. ಚೀಟಿಯನ್ನೂ ಪೂರ್ತಿ ನಂಬುವಂತಿಲ್ಲ. ಎಲ್ಲೆಡೆ ಸಿಗುವ ವೆಂಟ್ರಾಟಾವನ್ನು ವೆಂಟ್ರಿಕೋಸಾ, ಅಲಾಟಾಗಳ ಮಗು ಎನ್ನುತ್ತಿದ್ದರು. 2013ರಲ್ಲಿ ಅಲಾಟಾ ಗುಂಪನ್ನು ಮರುವಿಂಗಡಿಸಿದ ಮೇಲೆ ಆ ‘ಅಲಾಟಾ’ ಗ್ರಾಸಿಲಿಫ್ಲೋರಾ ಎಂದಾಯಿತು.

ಕಷ್ಟ ಶುರುವಾಗುವುದು ಸಂಕರಕ್ಕೇ ಮತ್ತೆ ಸಂಕರ ಸೇರಿದಾಗ. ಹೂಜಿ ಗಿಡದ ಸಂಕರಗಳು ಸಾಮಾನ್ಯವಾಗಿ ಬಂಜೆಯಲ್ಲ. ನಾಲ್ಕು ಜಾತಿ ಬೆರೆತರೆ ಒಂದೇ ಕಾಯಿಯ ಸಸಿಗಳೂ ಒಂದರಂತೆ ಒಂದಿರುವುದಿಲ್ಲ. ಆಗ ‘ವೆಂಟ್ರಿಕೋಸಾ ಇರಬಹುದು, ಉಳಿದದ್ದು ಗೊತ್ತಿಲ್ಲ’ ಎಂದೇ ಚೀಟಿ ಬರೆಯಿರಿ. ಊಹೆಯ ಹೆಸರು ಬರೆದರೆ, ನೀವು ಹಂಚುವ ಪ್ರತಿ ಕಡ್ಡಿಯ ಜೊತೆಗೂ ಅದು ಸಾಗುತ್ತದೆ.