ಬೆಳಿಗ್ಗೆ 11 ಗಂಟೆಗೆ ಮನೆಯಲ್ಲಿ ಯಾರಿರ್ತಾರೆ?

ಕೇಳುಗರಿಗೆಲ್ಲ ನಮಸ್ಕಾರ.

ಹೋದ ವಾರ ನಮ್ಮಕ್ಕನ ಮಗಳು ಒಂದು ಹಾಳೆ ಹಿಡಿದುಕೊಂಡು ಮನೆಗೆ ಬಂದಳು. ಅವಳಿಗೆ ಕೆಲಸ ಯಶವಂತಪುರದಲ್ಲಿ, ಗಂಡನಿಗೆ ಪೀಣ್ಯದಲ್ಲಿ. ಈಗ ದಾಸರಹಳ್ಳಿಯಲ್ಲಿ ಬಾಡಿಗೆ ಮನೆ. 2 ವರ್ಷದ ಮಗು, ಅದನ್ನು ನೋಡಿಕೊಳ್ಳಲು ಅವಳ ಅತ್ತೆ. ಹಾಳೆಯಲ್ಲಿ ಮೂರು ಜಾಗ ಬರೆದಿದ್ದಳು. ದಾಸರಹಳ್ಳಿಯಲ್ಲೇ ಉಳಿಯೋದು, ನೆಲಮಂಗಲದ ಆಚೆ ಹೊಸ ಬಡಾವಣೆಯಲ್ಲಿ ಸೈಟು ತೆಗೆದು ಮನೆ ಕಟ್ಟೋದು, ಇಲ್ಲಾಂದ್ರೆ ನಮ್ಮ ತುಮಕೂರಿಗೇ ಬಂದುಬಿಡೋದು. ಒಂದೊಂದರ ಎದುರೂ ಬಾಡಿಗೆ, ಸಾಲದ ಕಂತು, ಓಡಾಟದ ಖರ್ಚು ಎಲ್ಲ ಇತ್ತು. "ಚಿಕ್ಕಮ್ಮಾ, ನೀವು 14 ವರ್ಷ ರೈಲಲ್ಲಿ ಓಡಾಡಿದವರು. ನೀವೇ ಹೇಳಿ" ಅಂದಳು.

ನಾನು ಕೇಳಿದ್ದು ಒಂದೇ. ಬೆಳಿಗ್ಗೆ 11 ಗಂಟೆಗೆ ಆ ಮನೆಯಲ್ಲಿ ಯಾರಿರ್ತಾರೆ?

ಅವಳ ಹಾಳೆಯಲ್ಲಿ ಆ ಲೆಕ್ಕ ಇರಲಿಲ್ಲ. ನಾವು ಮನೆ ಕಟ್ಟಿದಾಗ ನಮ್ಮ ಲೆಕ್ಕದಲ್ಲೂ ಇರಲಿಲ್ಲ.

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ದಿನಾ ಹೋಗಿ ಬರ್ತೀನಿ ಅಂದರೆ ಜನ ಅಯ್ಯೋ ಪಾಪ ಅನ್ನುತ್ತಿದ್ದರು. ನಿಜ, ಸುಸ್ತಾಗುತ್ತಿತ್ತು. ಆದರೆ ಆ ರೈಲಿನಲ್ಲಿ ನನಗೊಂದು ಬಳಗ ಇತ್ತು. ಕ್ಯಾತ್ಸಂದ್ರದಲ್ಲಿ ಇಬ್ಬರು ಹತ್ತುತ್ತಿದ್ದರು, ಹಿರೇಹಳ್ಳಿಯಲ್ಲಿ ಒಬ್ಬರು. ಅವರಿಗೆ ಸೀಟಿನ ಮೇಲೆ ಕರ್ಚೀಫು ಹಾಕಿ ಜಾಗ ಹಿಡಿದಿರುತ್ತಿದ್ದೆವು. ಅವರೆಕಾಯಿ ಕಾಲದಲ್ಲಿ ಸಂಜೆ ಬರುವಾಗ ನಾಲ್ಕು ಜನ ಕೂತು ಕಾಯಿ ಸುಲಿದು ಮುಗಿಸಿದರೆ, ಊರು ಬರುವಷ್ಟರಲ್ಲಿ ಎಲ್ಲರ ಮನೆಗೂ ಆಗುವಷ್ಟು ಕಾಳು. ಮಗಳ ಓದು, ಸೊಸೆಯ ಬಾಣಂತನ, ಮಂಡಿ ನೋವು, ಎಲ್ಲ ಅಲ್ಲೇ ಹೇಳಿಕೊಂಡು ಹಗುರಾಗುತ್ತಿದ್ದೆವು.

ದೂರದ ಕಷ್ಟ ನಿಜವಾಗಿ ಬಿದ್ದಿದ್ದು ನಮ್ಮತ್ತೆಯ ಮೇಲೆ.

ಅವರು ತುಮಕೂರಿನ ಚಿಕ್ಕಪೇಟೆಯಲ್ಲಿ 40 ವರ್ಷ ಸಂಸಾರ ಮಾಡಿದವರು. ಬಾಗಿಲು ತೆಗೆದರೆ ಬೀದಿ. ಹೂವಿನವಳು, ಸೊಪ್ಪಿನವಳು, ಎದುರು ಮನೆಯವರು, ಸಂಜೆ ದೇವಸ್ಥಾನ. ನಾವು ರಿಂಗ್ ರಸ್ತೆ ದಾಟಿ ಒಂದು ಬಡಾವಣೆಯಲ್ಲಿ 30-40 ಸೈಟಿನಲ್ಲಿ ಮನೆ ಕಟ್ಟಿದೆವು. ಒಳ್ಳೆ ಮನೆ. ಗಾಳಿ, ಬೆಳಕು, ಹಿಂದೆ ಎರಡು ತೆಂಗಿನ ಸಸಿ, ಒಂದು ಕರಿಬೇವಿನ ಗಿಡ. ಆದರೆ ಇಡೀ ಬಡಾವಣೆಯಲ್ಲಿ ಆಗ ಇದ್ದದ್ದು ನಾಲ್ಕೇ ಮನೆ. ನಾವಿಬ್ಬರೂ ಬೆಳಿಗ್ಗೆ ಹೊರಟರೆ ಬರುವಷ್ಟರಲ್ಲಿ ಕತ್ತಲು.

ಒಂದು ದಿನ ರಾತ್ರಿ ಊಟಕ್ಕೆ ಕೂತಾಗ ಅತ್ತೆ ನೀರಿನ ಟ್ಯಾಂಕರ್ ಹುಡುಗನ ವಿಷಯ ತೆಗೆದರು. ಅವನ ಊರು ಪಾವಗಡದ ಕಡೆ, ಅಕ್ಕನಿಗೆ ಗಂಡು ನೋಡ್ತಿದ್ದಾರೆ, ಅವನಿಗೆ ಹಾಗಲಕಾಯಿ ಅಂದರೆ ಆಗಲ್ಲ, ಅವರಮ್ಮನಿಗೆ ಕಣ್ಣಿನ ಆಪರೇಷನ್ ಆಗಿದೆ. ಎಷ್ಟು ವಿವರವಾಗಿ ಹೇಳಿದರೆಂದರೆ ನಾನು ನಗುತ್ತಾ ಕೇಳುತ್ತಿದ್ದೆ. ಪಾತ್ರೆ ತೊಳೆಯುವಾಗ ಥಟ್ಟನೆ ಹೊಳೆಯಿತು. ಆ ವಾರ ಪೂರ್ತಿ, ನಮ್ಮಿಬ್ಬರನ್ನು ಬಿಟ್ಟರೆ, ಅವರು ಮಾತಾಡಿದ್ದು ಆ ಹುಡುಗನ ಜೊತೆ ಮಾತ್ರ. ಅವನು ನೀರು ತುಂಬಿಸುವ ಕಾಲು ಗಂಟೆಗೋಸ್ಕರ ಅವರು ಕಾಯುತ್ತಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದಿನ ವರ್ಷ ಆ ಮನೆಯನ್ನು ಬಾಡಿಗೆಗೆ ಕೊಟ್ಟು, ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ ಒಂದು ಹಳೇ ಮನೆಗೆ ಬಂದೆವು. ಚಿಕ್ಕದು. ಪಕ್ಕದ ಮನೆಯ ಒಗ್ಗರಣೆ ವಾಸನೆ ನಮ್ಮ ಅಡುಗೆಮನೆಗೇ ಬರುತ್ತಿತ್ತು. ಗಾಡಿ ನಿಲ್ಲಿಸಲು ಜಾಗವಿಲ್ಲ. ಅತ್ತೆ ಮಾತ್ರ ಮೂರೇ ದಿನದಲ್ಲಿ ಬೀದಿಯವರ ಹೆಸರೆಲ್ಲ ಕಲಿತರು.

ಹಾಗಂತ ಊರ ಹೊರಗಿನ ಬಡಾವಣೆ ಬೇಡವೇ ಬೇಡ ಅಂತ ನಾನು ಹೇಳೋದಿಲ್ಲ. ನಮ್ಮ ಆ ಬಡಾವಣೆಯಲ್ಲೇ ಈಗ ಸಾಲಾಗಿ ಮನೆಗಳಿವೆ, ಮೂಲೆಯಲ್ಲಿ ಹಾಲಿನ ಅಂಗಡಿ ಇದೆ, ಮಕ್ಕಳು ರಸ್ತೆಯಲ್ಲಿ ಕ್ರಿಕೆಟ್ ಆಡುತ್ತಾರೆ. ಈಗ ಅದು ಬೇರೆಯೇ ಜಾಗ. ಹೊಸ ಬಡಾವಣೆ ತುಂಬುವುದಕ್ಕೆ ವರ್ಷಗಳು ಬೇಕು. ಆ ವರ್ಷಗಳಲ್ಲಿ ನಿಮ್ಮ ಮನೆಯಲ್ಲಿ ಪುಟ್ಟ ಮಗುವೋ ವಯಸ್ಸಾದವರೋ ಇದ್ದರೆ ಆ ಕಾಯುವಿಕೆಯೆಲ್ಲ ಅವರ ಪಾಲಿಗೆ. ಮನೆ ತುಂಬ ಜನ ಇದ್ದು, ಹಗಲಲ್ಲೂ ಸ್ಕೂಟರ್ ಓಡಿಸುವವರು ಒಬ್ಬರಾದರೂ ಇದ್ದರೆ, ಅದೇ ಜಾಗ ಸೊಗಸು.

ಸೈಟು ತೋರಿಸುವವರು ಮೊದಲು ಹೇಳುವ ಮಾತು "ಮೆಟ್ರೋ ಬರುತ್ತೆ ಮೇಡಂ" ಅಂತ. ತುಮಕೂರು ರಸ್ತೆಯಲ್ಲಿ ನಾಗಸಂದ್ರಕ್ಕೆ ಮೆಟ್ರೋ ಬಂದದ್ದು 2015ರಲ್ಲಿ. ಅಲ್ಲಿಂದ ಮಾದಾವರದವರೆಗಿನ ಮೂರು ಚಿಲ್ಲರೆ ಕಿಲೋಮೀಟರ್ ಶುರುವಾಗಿದ್ದು 2024ರ ನವೆಂಬರ್‌ನಲ್ಲಿ. 9 ವರ್ಷ ಆಯಿತಲ್ವಾ? ಉಪನಗರ ರೈಲಿನ ಯೋಜನೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ಅದರಲ್ಲೂ ನಮ್ಮ ಕಡೆಯ ಮಲ್ಲಿಗೆ ಮಾರ್ಗ ನೆಲಮಂಗಲ ಮುಟ್ಟುವ ಮೊದಲೇ, ಚಿಕ್ಕಬಾಣಾವರಕ್ಕೇ ಮುಗಿಯುತ್ತೆ. ನಮ್ಮ ಹುಡುಗಿಯ ಮಗು ಸ್ಕೂಲಿಗೆ ಸೇರೋದು ಇನ್ನು ಎರಡು ಮೂರು ವರ್ಷಕ್ಕೆ. ಇವತ್ತು ಓಡುತ್ತಿರುವ ಬಸ್ಸು, ರೈಲು ನೋಡಿ ದುಡ್ಡು ಕೊಡು, ಮುಂದೆ ಬರೋದಕ್ಕೆ ಈಗಲೇ ಕೊಡಬೇಡ ಅಂತ ಅವಳಿಗೆ ಹೇಳಿದೆ.

ನೀರಿನ ಮಾತೂ ಅಷ್ಟೇ. ತುಮಕೂರಿಗೆ ಕುಡಿಯುವ ನೀರು ಹೇಮಾವತಿ ನಾಲೆಯಿಂದ ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ಊರಿಗೆ ಬರುತ್ತದೆ. ಆದರೆ ಊರಿಗೆ ಬಂದ ನೀರು ನಿಮ್ಮ ಬೀದಿಗೂ ಬರುತ್ತದೆ ಅಂದುಕೊಳ್ಳಬೇಡಿ. ಸೈಟು ನೋಡಲು ಹೋದಾಗ ಅಕ್ಕಪಕ್ಕದ ಮನೆಯ ಹೆಣ್ಣುಮಕ್ಕಳನ್ನು ಕೇಳಿ. ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತೆ, ಬೇಸಿಗೆಯಲ್ಲಿ ತಿಂಗಳಿಗೆ ಎಷ್ಟು ಟ್ಯಾಂಕರ್ ಹಾಕಿಸ್ತೀರಿ ಅಂತ. ಅವರು ಸುಮ್ನೆ ಹೇಳೋದಿಲ್ಲ, ತಾರೀಖಿನ ಸಮೇತ ಹೇಳುತ್ತಾರೆ. ಜೋರು ಮಳೆ ಬಂದ ಮರುದಿನವೂ ಒಮ್ಮೆ ಹೋಗಿ ನೋಡಿ. ನಮ್ಮ ಕಡೆ ಕೆರೆಗಳು ಜಾಸ್ತಿ. ಕೋಡಿ ನೀರು ಹರಿಯುವ ಹಾದಿಯಲ್ಲಿ ಸೈಟು ಮಾಡಿದ್ದರೆ ಅವತ್ತು ಗೊತ್ತಾಗುತ್ತದೆ.

ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಭೂಪರಿವರ್ತನೆ ಆಗಿದೆಯಾ, ಬಡಾವಣೆಗೆ ಪ್ರಾಧಿಕಾರದ ಮಂಜೂರಾತಿ ಇದೆಯಾ, ಅಂದರೆ ತುಮಕೂರಿನಲ್ಲಾದರೆ ನಗರಾಭಿವೃದ್ಧಿ ಪ್ರಾಧಿಕಾರ ಟೂಡಾದ್ದು, ಇ-ಖಾತೆ ಇದೆಯಾ, ಹಿಂದಿನ 30 ವರ್ಷದ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿದ್ದೀರಾ? ಇಷ್ಟೂ ನೋಡಿ, ಒಬ್ಬ ವಕೀಲರಿಗೆ ತೋರಿಸಿ. ಅವರ ಫೀಸಿಗೆ ಹಿಂದೆಮುಂದೆ ನೋಡಬೇಡಿ.

ನಮ್ಮ ಹುಡುಗಿ ಹಾಳೆ ಮಡಿಚಿ ಬ್ಯಾಗಿಗೆ ಹಾಕಿಕೊಂಡು ಹೋದಳು. ಮೊನ್ನೆ ಬುಧವಾರ ಗಂಡ ಹೆಂಡತಿ ಇಬ್ಬರೂ ರಜೆ ಹಾಕಿ, ಅತ್ತೆಯನ್ನೂ ಮಗುವನ್ನೂ ಕರೆದುಕೊಂಡು ನೆಲಮಂಗಲದ ಆ ಸೈಟಿಗೆ ಹೋದರಂತೆ. ಬೇಕಂತಲೇ ಬೆಳಿಗ್ಗೆ 11 ಗಂಟೆಗೆ. ಈ ಮೊದಲು ಹೋದದ್ದೆಲ್ಲ ಭಾನುವಾರ, ಸೈಟು ಮಾರುವ ಕಂಪನಿಯವರ ಕಾರಿನಲ್ಲಿ. ಅವತ್ತು ಬಸ್ಸಿನಲ್ಲಿ ಹೋಗಿ, ಇಳಿದು, ಮಗುವನ್ನು ಎತ್ತಿಕೊಂಡು 25 ನಿಮಿಷ ನಡೆದರು. ರಸ್ತೆಯಲ್ಲಿ ಒಂದು ನೆರಳಿಲ್ಲ, ಒಂದು ಅಂಗಡಿಯಿಲ್ಲ. ಸೈಟಿನ ಕಲ್ಲಿನ ಹತ್ತಿರ ನಿಂತು ಅವಳ ಅತ್ತೆ ಸುತ್ತ ನೋಡಿ, "ಇಲ್ಲಿ ಮಗುಗೆ ಜ್ವರ ಬಂದ್ರೆ ನಾನು ಯಾರನ್ನ ಕರೀಲಮ್ಮ?" ಅಂದರಂತೆ.

ಈ ಭಾನುವಾರ ಅವರೆಲ್ಲ ತುಮಕೂರಿಗೆ ಬರುತ್ತಿದ್ದಾರೆ. ಸ್ಟೇಷನ್ ಹತ್ತಿರ ಎರಡು ಮನೆ ನೋಡಿಟ್ಟಿದ್ದೇನೆ. ಎರಡಕ್ಕೂ ಎದುರು ಮನೆ ಇದೆ.

ನಮಸ್ಕಾರ.